ಅಕ್ಕಯಮ್ಮನ ಎರಡು ಚಮಚ

ಅಕ್ಕಯಮ್ಮನ ಬಾಯಿಗೆ ಬೀಗ ಹಾಕುವವರು ಬಾಣಸವಾಡಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮೊಮ್ಮಗಳು ಹಂಸ ಆಸ್ಪತ್ರೆಯಿಂದ ಮನೆಗೆ ಬಂದ ದಿನವಂತೂ ಮುದುಕಿ ಗೇಟಿನ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟಳು. ಹಾಲಿನವನು, ಹೂವಿನವಳು, ಮೇಲಿನ ಮನೆಯ ಬಾಡಿಗೆಯವರು, ಯಾರು ಹಾದುಹೋದರೂ ಕರೆದು ಹೇಳಿದ್ದೇ ಹೇಳಿದ್ದು.

“ಕುಯ್ಲಿಲ್ಲ, ಹೊಲಿಗೆ ಹಾಕ್ಲಿಲ್ಲ ಕಣವ್ವ. ಯಾರೋ ಪುಣ್ಯಾತ್ಮರು ತೀರ್ಕೊಂಡ್ರಂತೆ. ಅವ್ರ ಮನೆಯೋರು ದೊಡ್ಡ ಮನಸು ಮಾಡಿ ದಾನ ಕೊಟ್ರಂತೆ. ಹೊಟ್ಟೆ ಒಳಗೆ ಪ್ಯಾಂಕ್ರಿಯಾಸ್ ಅಂತ ಒಂದೈತಲ್ಲ, ಅದ್ರೊಳಗಿಂದ ಸಣ್ಣ ಸಣ್ಣ ಕಾಳು ಬಿಡಿಸಿ ತೆಗೆದು, ಚೀಲಕ್ಕೆ ತುಂಬಿ, ಗ್ಲೂಕೋಸ್ ಬಾಟ್ಲಿ ತೂಗ್ಹಾಕ್ತಾರಲ್ಲ ಹಂಗೆ ತೂಗ್ಹಾಕಿ, ನಮ್ಮ ಹಂಸನ ಲಿವರ್‌ಗೆ ಬಿಟ್ರು. ಇನ್ನು ಆ ಕಾಳೇ ಇನ್ಸುಲಿನ್ ಕೊಡ್ತವೆ.”

“ಹಂಗಾದ್ರೆ ಇನ್ನು ಸೂಜಿ ಬೇಡ್ವಾ ಅಜ್ಜಿ?” ಎಂದಳು ಹೂವಿನವಳು.

“ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬರ್ತಾರೆ. ಆಮೇಲೆ ನೋಡು ನಮ್ಮವ್ಳನ್ನ!”

ಒಳಗಿನಿಂದ ಹಂಸ ಕೂಗಿದಳು: “ಅಜ್ಜಿ, ಸಾಕು ಬಾ! ಇಡೀ ರೋಡಿಗೆ ನನ್ನ ಹೊಟ್ಟೆ ತೋರಿಸ್ತಿದ್ದೀಯಲ್ಲ!”

ಹಂಸಳಿಗೆ ಮೂವತ್ತೊಂದು. ಮರ್ಫಿ ಟೌನಿನ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಹತ್ತನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು. ವಯಸ್ಸಾದವರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವ ಟೈಪ್ ಒನ್. ಅಂದಿನಿಂದ ದಿನಕ್ಕೆ ನಾಲ್ಕು ಸೂಜಿ. ಅದಾದರೂ ಅಭ್ಯಾಸವಾಗಿತ್ತು. ಈಚೆಗೆ ಆರೇಳು ವರ್ಷದಿಂದ ಇನ್ನೊಂದು ಫಜೀತಿ ಶುರುವಾಗಿತ್ತು: ಸಕ್ಕರೆ ಇಳಿದರೆ ಮೈ ನಡುಗುವುದು, ಬೆವರುವುದು, ಯಾವುದೂ ಇಲ್ಲ. ಸೂಚನೆಯೇ ಇಲ್ಲದೆ ನೇರ ನೆಲಕ್ಕೆ. ಎರಡು ಸಲ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ಬಿದ್ದಳು. ಒಂದು ಸಲ ಹಲಸೂರಿನ ಬಸ್ ಸ್ಟಾಪಿನಲ್ಲಿ. ಆಮೇಲೆ ತಮ್ಮ ಶ್ರೀನಿವಾಸನೇ ಬೈಕಿನಲ್ಲಿ ಬಿಟ್ಟು ಕರೆದುಕೊಂಡು ಬರಬೇಕಾಯಿತು.

ಇಂಥವರಿಗೇ ಈ ಚಿಕಿತ್ಸೆ ಎಂದಿದ್ದರು ಡಾಕ್ಟರ್ ನೌರೀನ್. ಎಲ್ಲರಿಗೂ ಮಾಡುವುದಿಲ್ಲ, ಆರಿಸಿ ಮಾಡುತ್ತೇವೆ ಎಂದಿದ್ದರು. ಅಕ್ಕಯಮ್ಮ ಅದನ್ನು ರ‍್ಯಾಂಕ್ ಬಂದ ಹಾಗೆಯೇ ತೆಗೆದುಕೊಂಡಳು.

ಮುದುಕಿಯ ಹೆಮ್ಮೆಗೆ ಇನ್ನೊಂದು ಕಾರಣವೂ ಇತ್ತು. ಹಂಸಳಿಗೆ ಹನ್ನೊಂದು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಹುಡುಗಿ ಏಳಲೇ ಇಲ್ಲ. ಮಗ ಕೆಂಪರಾಜ್ ಆಟೋ ತರಲು ಓಡಿದ, ಸೊಸೆ ಸುಕನ್ಯ ಎದೆ ಬಡಿದುಕೊಂಡು ಅತ್ತಳು. ಅಕ್ಕಯಮ್ಮ ಬೆಲ್ಲ ಕುಟ್ಟಿ ಪುಡಿ ಮಾಡಿ ಮಗುವಿನ ಕೆನ್ನೆಯ ಒಳಗೆ ಉಜ್ಜಿದಳು. ಉಜ್ಜುತ್ತಲೇ ಇದ್ದಳು. ಆಟೋ ಬರುವಷ್ಟರಲ್ಲಿ ಹುಡುಗಿ ಕಣ್ಣು ಬಿಟ್ಟಿದ್ದಳು. “ನಿಮ್ಮತ್ತೆ ಇಲ್ದಿದ್ರೆ ಮಗು ಉಳೀತಿರಲಿಲ್ಲಮ್ಮ” ಎಂದು ಆ ಕಾಲದ ಡಾಕ್ಟರು ಸುಕನ್ಯಳಿಗೆ ಹೇಳಿದ್ದರು. ಆ ಮಾತನ್ನು ಅಕ್ಕಯಮ್ಮ ಕೊರಳಿನ ತಾಳಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಅವತ್ತಿನಿಂದಲೇ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಕೆಲಸ ನಡೆದುಬಂದಿತ್ತು. ಮಧ್ಯಾಹ್ನ, ರಾತ್ರಿ ಹಂಸಳ ಲೋಟದ ಮಜ್ಜಿಗೆಗೆ ಅಕ್ಕಯಮ್ಮ ಒಂದು ಚಮಚ ಗ್ಲೂಕೋಸ್ ಪುಡಿ ಬೆರೆಸುತ್ತಿದ್ದಳು. ಮೇಲೆ ಉಪ್ಪು, ಶುಂಠಿ, ಜಜ್ಜಿದ ಹಸಿಮೆಣಸಿನಕಾಯಿ, ಕರಿಬೇವು. ಖಾರದ ಅಡಿಯಲ್ಲಿ ಸಿಹಿ ಅಡಗಿಹೋಗುತ್ತಿತ್ತು. ಸ್ಕೂಲಿಗೂ ಅದೇ ಮಜ್ಜಿಗೆ ಬಾಟಲಿಯಲ್ಲಿ ಹೋಗುತ್ತಿತ್ತು. ಡಬ್ಬಿ ಇರುತ್ತಿದ್ದುದು ರಾಗಿಹಿಟ್ಟಿನ ಡ್ರಮ್ಮಿನ ಹಿಂದೆ. ಹುಡುಗಿ ಬೀಳದೆ ಒಂದು ದಿನ ಕಳೆದರೆ ಅದು ತನ್ನ ಚಮಚದಿಂದಲೇ ಎಂದು ಅವಳ ಲೆಕ್ಕ. ಬಿದ್ದ ದಿನ, ಇವತ್ತು ಚಮಚ ತಲೆ ತಟ್ಟಿ ಕಮ್ಮಿ ಹಾಕಿದ್ದೆನೇನೋ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಹಂಸಳನ್ನು ಮನೆಗೆ ಕಳಿಸುವಾಗ ಡಾಕ್ಟರ್ ನೌರೀನ್ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದರು. ಮಾತ್ರೆ ಬೆಳಿಗ್ಗೆ ಎಂಟು, ರಾತ್ರಿ ಎಂಟು, ಹತ್ತು ನಿಮಿಷವೂ ಹೆಚ್ಚು ಕಡಿಮೆ ಆಗಕೂಡದು. ಬೇರೆಯವರ ಕಣಗಳನ್ನು ಮೈ ಹೊರಗೆ ತಳ್ಳದಂತೆ ಕಾಯುವ ಮಾತ್ರೆಗಳು ಅವು. ಜನಜಂಗುಳಿ ಬೇಡ, ಹೊರಗಿನ ತಿಂಡಿ ಬೇಡ, ಹಾಲು ಕಾಯಿಸಿ ಹೆಪ್ಪು ಹಾಕಿದ ಮನೆ ಮೊಸರು ಆಗಬಹುದು. “ಕಣಗಳು ಇನ್ನೂ ಎಳೇವು. ಬೇರು ಬಿಡೋಕೆ ಟೈಮ್ ಬೇಕು. ಚೆನ್ನಾಗಿ ನೋಡ್ಕೊಳ್ಳಿ” ಎಂದಿದ್ದರು ಕೊನೆಯಲ್ಲಿ.

ಎಳೇವು ಎಂಬ ಮಾತು ಅಕ್ಕಯಮ್ಮನ ಕಿವಿಯಲ್ಲಿ ಕೂತುಬಿಟ್ಟಿತು. ಎಳೆಯ ಜೀವ ಅಂದಮೇಲೆ ಹಸಿವು ಇಲ್ಲವೇ? ಬಾಣಂತಿ ಮನೆಗೆ ಬಂದರೆ ತುಪ್ಪ ಬೆಲ್ಲ ಎರಡರಷ್ಟು ಹಾಕುವ ಮನೆತನ ಅವಳದು. ಅವತ್ತು ಮಧ್ಯಾಹ್ನದಿಂದ ಮಜ್ಜಿಗೆಗೆ ಎರಡು ಚಮಚ ಬೀಳತೊಡಗಿತು.

ಮೊದಲ ಎರಡು ವಾರ ಮನೆಯಲ್ಲಿ ಹಬ್ಬ. ದಿನಕ್ಕೆ ಮೂವತ್ತೆಂಟು ಯೂನಿಟ್ ಇದ್ದ ಇನ್ಸುಲಿನ್ ಇಪ್ಪತ್ತಾಯಿತು, ಹನ್ನೆರಡಾಯಿತು, ಆರಾಯಿತು. ಹಂಸಳ ತೋಳಿಗೆ ಅಂಟಿಸಿದ್ದ ಬಿಲ್ಲೆ ಸಕ್ಕರೆಯ ಅಂಕಿಯನ್ನು ಮೊಬೈಲಿಗೆ ಕಳಿಸುತ್ತಿತ್ತು. ಶ್ರೀನಿವಾಸ ಅದನ್ನು ಕ್ರಿಕೆಟ್ ಸ್ಕೋರಿನಂತೆ ಓದುತ್ತಿದ್ದ.

“ನೂರಾ ಹತ್ತು! ಅಕ್ಕ, ನಿಂದು ನನಗಿಂತ ಚೆನ್ನಾಗಿದೆ ಗುರು!”

“ಸುಮ್ನಿರೋ, ದೃಷ್ಟಿ ಆಗುತ್ತೆ” ಎಂದು ಅಕ್ಕಯಮ್ಮ ನೆಟಿಕೆ ಮುರಿದಳು. ಮರುಕ್ಷಣವೇ ಗೇಟಿಗೆ ಹೋಗಿ ಅದೇ ಅಂಕಿಯನ್ನು ಬೀದಿಗೆಲ್ಲ ಹೇಳಿ ಬಂದಳು.

ಮೂರನೇ ವಾರದಲ್ಲಿ ಅಂಕಿ ಏರತೊಡಗಿತು. ಬೆಳಿಗ್ಗೆ ಚೆನ್ನಾಗಿರುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ಇನ್ನೂರ ಮೂವತ್ತು, ರಾತ್ರಿ ಊಟವಾದ ಮೇಲೆ ಇನ್ನೂರ ಐವತ್ತು. ಆರು ಯೂನಿಟ್ ಮತ್ತೆ ಹತ್ತಾಯಿತು, ಹದಿನಾಲ್ಕಾಯಿತು. ಒಂದು ವಾರ ತಿಂದದ್ದನ್ನೆಲ್ಲ ಬರೆದು ಕಳಿಸಿ ಎಂದರು ಡಾಕ್ಟರ್. ಹಂಸ ಬರೆದಳು. ಮುದ್ದೆ ಇಷ್ಟು, ಅನ್ನ ಇಷ್ಟು, ಹುರುಳಿಕಾಳಿನ ಸಾರು, ಮಜ್ಜಿಗೆ ಒಂದು ಲೋಟ.

ಕೆಂಪರಾಜ್ ಆ ಪಟ್ಟಿ ಓದಿ ತೀರ್ಪು ಕೊಟ್ಟೇಬಿಟ್ಟ. “ಮುದ್ದೇನೇ ಕಾರಣ. ಸುಕನ್ಯ, ನೀನು ಕಟ್ಟೋ ಮುದ್ದೆ ಒಂದೊಂದೂ ಕಲ್ಲಂಗಡಿ ಗಾತ್ರ.”

“ನಾನು ಮದ್ವೆಯಾಗಿ ಬಂದಾಗಿಂದ ಇದೇ ಗಾತ್ರ ಕಟ್ತಿದ್ದೀನಿ ರೀ. ಇಷ್ಟು ವರ್ಷ ತಿಂದು ತೇಗಿದ್ರಿ, ಈಗ ಕಲ್ಲಂಗಡಿ ಆಯ್ತಾ?”

“ಮಗಳ ಜೀವ ದೊಡ್ಡದಾ, ಮುದ್ದೆ ದೊಡ್ಡದಾ?”

“ಅಪ್ಪ, ಮುದ್ದೆಯಿಂದ ಇಷ್ಟು ಏರಲ್ಲ. ನಾನು ಅಳೆದೇ ತಿಂತಿದ್ದೀನಿ” ಎಂದಳು ಹಂಸ.

“ನಿನ್ನ ಅಳತೆ ನನಗೆ ಗೊತ್ತಿಲ್ವಾ? ಊಟದ ಲೆಕ್ಕ ಯಾವತ್ತೂ ಸರಿಯಾಗ್ತಿಲ್ಲ ಅಂತ ನೀನೇ ಹೇಳ್ತಿರ್ತೀಯ.”

ಹೀಗೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬಿತ್ತು. ತಲೆತಲಾಂತರದಿಂದ ರಾಗಿ ಬೆಳೆದು ರಾಗಿ ಉಂಡ ಮನೆಯಲ್ಲಿ ಮುದ್ದೆ ನಿಂತುಹೋಯಿತು. ಹೊಲಗಳೆಲ್ಲ ಲೇಔಟ್ ಆಗಿ, ಲೇಔಟಿನಲ್ಲಿ ಬಾಡಿಗೆ ಮನೆಗಳೆದ್ದು ಮೂವತ್ತು ವರ್ಷವಾಗಿದ್ದರೂ ಆ ಮನೆಯ ಮುದ್ದೆ ಕೋಲು ಒಂದು ದಿನವೂ ಒಣಗಿರಲಿಲ್ಲ. ಈಗ ಸುಕನ್ಯ ಎರಡು ಹೊತ್ತೂ ಇಪ್ಪತ್ತು ಇಪ್ಪತ್ತು ಚಪಾತಿ ಲಟ್ಟಿಸಿದಳು. ತಿಂದವರ ಹೊಟ್ಟೆ ತುಂಬಲಿಲ್ಲ, ಲಟ್ಟಿಸಿದವಳ ತೋಳು ಬಿದ್ದುಹೋಯಿತು.

“ಅತ್ತೆ, ನೀವಾದ್ರೂ ನಿಮ್ಮ ಮಗನಿಗೆ ಒಂದು ಮಾತು ಹೇಳಬಾರ್ದಾ?” ಎಂದಳು ಸುಕನ್ಯ, ಮಣಿಕಟ್ಟು ನೀವಿಕೊಳ್ಳುತ್ತ.

ಅಕ್ಕಯಮ್ಮನಿಗೆ ಆಗಿನ್ನೂ ಏನೂ ಹೊಳೆದಿರಲಿಲ್ಲ. “ನಾಕು ದಿನ ತಡ್ಕೋ ಕಣವ್ವ” ಎಂದು ಮಜ್ಜಿಗೆ ಕಡೆಯಲು ಹೋದಳು. ಹುಡುಗಿ ಚಪಾತಿ ತಿಂದು ಸೊರಗಿದ್ದಾಳೆ ಎಂದು ಎರಡನೇ ಚಮಚವನ್ನು ತಲೆ ಮೇಲೆ ಗೋಪುರ ನಿಲ್ಲುವಷ್ಟು ತುಂಬಿ ಹಾಕಿದಳು. ಡಬ್ಬಿ ಖಾಲಿಯಾದಾಗ ರೈಲ್ವೆ ಸ್ಟೇಷನ್ ರಸ್ತೆಯ ಫಹೀಮನ ಮೆಡಿಕಲ್ ಶಾಪಿಗೆ ತಾನೇ ನಡೆದುಕೊಂಡು ಹೋದಳು.

“ಹಂಸ ಮೇಡಂಗೆ ಹುಷಾರಾಯ್ತು ಅಂತ ನೀವೇ ಹೇಳಿದ್ರಲ್ಲ ಅಜ್ಜಿ. ಇನ್ನೂ ಗ್ಲೂಕೋಸ್ ಯಾಕೆ?” ಎಂದ ಫಹೀಮ್.

“ನಂಗೆ ಕಣಪ್ಪ. ಬಿಸಿಲಲ್ಲಿ ತಲೆ ಸುತ್ತುತ್ತೆ” ಎಂದು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ತಾನು ಸುಳ್ಳು ಯಾಕೆ ಹೇಳಿದೆ ಎಂದು ದಾರಿಯುದ್ದಕ್ಕೂ ಅವಳಿಗೇ ಸಿಟ್ಟು ಬಂತು.

ಐದನೇ ವಾರದ ಶನಿವಾರ ಸಂಜೆ ಡಾಕ್ಟರ್ ನೌರೀನ್ ಫೋನ್ ಮಾಡಿದರು. ಹಂಸ ಮಾತು ಮುಗಿಸಿ ಊಟಕ್ಕೆ ಬಂದು ಕೂತಳು. ಮುಖ ಬಾಡಿತ್ತು.

“ಸೋಮವಾರ ಅಡ್ಮಿಟ್ ಆಗ್ಬೇಕಂತೆ. ನನ್ನ ಮೈ ಕಣಗಳನ್ನ ಒಪ್ತಾ ಇಲ್ವೇನೋ ಅಂತ ಡೌಟ್ ಇದೆ. ಅದಕ್ಕೆ ಜೋರಾದ ಔಷಧಿ ಕೊಡ್ತಾರಂತೆ. ಅದರಿಂದ ಸೋಂಕು ಬರೋ ಭಯ ಜಾಸ್ತಿ. ಕೊಟ್ರೂ ಉಳಿಯುತ್ತೆ ಅಂತ ಹೇಳಕ್ಕಾಗಲ್ಲ.”

“ಉಳೀದಿದ್ರೆ?” ಎಂದ ಕೆಂಪರಾಜ್.

“ಮತ್ತೆ ಮೊದಲಿನ ಥರಾನೇ ಅಪ್ಪ. ಸೂಜಿ. ಬೀಳೋದು. ಇನ್ನೊಬ್ರು ದಾನಿ ಸಿಗೋವರೆಗೂ ಕಾಯೋದು. ಸಿಗ್ತಾರೋ ಇಲ್ವೋ.”

ಯಾರೂ ಚಪಾತಿ ಮುರಿಯಲಿಲ್ಲ. ಹಂಸಳೇ ಮುಂದುವರಿಸಿದಳು. “ಸಕ್ಕರೆ ಏರಿದಷ್ಟೂ ಆ ಕಣಗಳು ಜಾಸ್ತಿ ದುಡೀಬೇಕು. ಇನ್ನೂ ಊರಿಕೊಂಡಿಲ್ಲ, ಅಷ್ಟರಲ್ಲೇ ದುಡಿದು ದುಡಿದು ಸುಸ್ತಾಗಿ ಸತ್ತುಹೋಗ್ತವೆ. ಅದಕ್ಕೇ ಈಗ ಅವಕ್ಕೆ ರೆಸ್ಟ್ ಕೊಡ್ಬೇಕು ಅನ್ನೋದು.”

ಅಕ್ಕಯಮ್ಮ ಮಜ್ಜಿಗೆಯ ಪಾತ್ರೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೇಳಿದಳು: “ಪೈರು ನಾಟಿ ಮಾಡಿದ ಮಾರನೇ ದಿನಾನೇ ಯೂರಿಯಾ ಸುರಿದಂಗಾ?”

“ಹೂಂ ಅಜ್ಜಿ, ಹಂಗೇ. ಬೇರು ಸುಟ್ಟುಹೋಗುತ್ತಲ್ಲ.”

ಅಕ್ಕಯಮ್ಮ ಒಳಗೆ ಹೋದಳು. ಹಂಸಳ ಲೋಟದಲ್ಲಿ ಎರಡು ಚಮಚ ಆಗಲೇ ಬೆರೆತಿತ್ತು. ಅದನ್ನು ಸಿಂಕಿಗೆ ಸುರಿದು, ಲೋಟ ತೊಳೆದು, ಬರೀ ಮಜ್ಜಿಗೆ ಹಾಕಿ ತಂದಳು. ಹರೆಯದಿಂದ ಐವತ್ತರವರೆಗೆ ಗದ್ದೆ ಹೊಲದಲ್ಲಿ ನಾಟಿ ಹಾಕಿದ ಕೈ ಅವಳದು. ಬೇರು ಹಿಡಿಯುವ ಮೊದಲು ಗೊಬ್ಬರ ಹಾಕಿದ ಕೂಲಿಯವನನ್ನು ಹೊಲದಿಂದಲೇ ಓಡಿಸಿದ್ದ ಬಾಯಿ. ಅವಳಿಗೆ ಗೊತ್ತಿಲ್ಲದ್ದೇನಿತ್ತು ಇದರಲ್ಲಿ?

ಹಂಸ ಒಂದು ಗುಟುಕು ಕುಡಿದು ಲೋಟ ನೋಡಿದಳು. “ಅಜ್ಜಿ, ಇವತ್ಯಾಕೋ ನಿನ್ನ ಮಜ್ಜಿಗೆ ರುಚೀನೇ ಇಲ್ಲ.”

“ಶುಂಠಿ ಮರ್ತೆ” ಎಂದಳು ಅಕ್ಕಯಮ್ಮ.

ಭಾನುವಾರ ಬೆಳಿಗ್ಗೆ ಶ್ರೀನಿವಾಸ ಮೊಬೈಲ್ ಹಿಡಿದು ಕುಣಿದುಕೊಂಡು ಬಂದ. ರಾತ್ರಿ ಊಟದ ಮೇಲೂ ನೂರ ನಲವತ್ತು ದಾಟಿರಲಿಲ್ಲ. “ನೋಡಿದ್ಯಾ?” ಎಂದು ಕೆಂಪರಾಜ್ ಹೆಂಡತಿಯ ಕಡೆ ತಿರುಗಿದ. “ಮುದ್ದೆ ಬಿಟ್ಟಿದ್ದು ಈಗ ಕೆಲಸ ಮಾಡ್ತಿದೆ. ಇನ್ಮೇಲೆ ಈ ಮನೇಲಿ ಮುದ್ದೆ ಹೆಸರೆತ್ತಬೇಡ.” ಸುಕನ್ಯ ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಹೋದಳು.

ಅಕ್ಕಯಮ್ಮನಿಗೆ ದಾರಿ ಎರಡೂ ನಿಚ್ಚಳವಾಗಿ ಕಂಡವು. ಬಾಯಿ ಮುಚ್ಚಿಕೊಂಡು ಡಬ್ಬಿ ಕಸಕ್ಕೆ ಹಾಕಿದರೆ ಅಂಕಿ ತಾನಾಗಿಯೇ ಇಳಿಯುತ್ತದೆ. ಮೊಮ್ಮಗಳ ಜೀವ ಉಳಿಸಿದ ಅಜ್ಜಿ ಎಂಬ ಹೆಸರು ಹಾಗೇ ಉಳಿಯುತ್ತದೆ. ಮುದ್ದೆಗೆ ಕೆಟ್ಟ ಹೆಸರು ಬಂದರೆ ಮುದ್ದೆಯೇನು ಅಳುತ್ತದೆಯೇ? ಆದರೆ ಹಂಸ ಫೋನಿನಲ್ಲಿ ಡಾಕ್ಟರಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. “ಒಂದು ದಿನದ ನಂಬರ್ ನೋಡಿ ಹೇಳಕ್ಕಾಗಲ್ಲ ಅಲ್ವಾ ಮೇಡಂ? ಸರಿ. ನಾಳೆ ಬೆಳಿಗ್ಗೆ ಬಂದು ಅಡ್ಮಿಟ್ ಆಗ್ತೀನಿ.”

ಇಲ್ಲದ ರೋಗಕ್ಕೆ ಹುಡುಗಿಯ ಮೈಗೆ ವಿಷದಂಥ ಔಷಧಿ ಹೋಗುತ್ತದೆ. ತನ್ನ ಹೆಸರು ಉಳಿಯಲಿ ಎಂದು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅಕ್ಕಯಮ್ಮ ಡ್ರಮ್ಮಿನ ಹಿಂದಿನಿಂದ ಡಬ್ಬಿ ತಂದು ಚಪಾತಿ ತಟ್ಟೆಯ ಪಕ್ಕ ಕುಕ್ಕಿದಳು.

“ಮುದ್ದೆ ಅಲ್ಲ. ಸುಕನ್ಯನೂ ಅಲ್ಲ. ಇದು. ನಾನು.”

“ಏನಮ್ಮ ಇದು?” ಎಂದ ಕೆಂಪರಾಜ್.

“ಗ್ಲೂಕೋಸು. ಎರಡು ಹೊತ್ತೂ ಹಂಸನ ಮಜ್ಜಿಗೆಗೆ ಹಾಕ್ತಿದ್ದೆ. ಮುಂಚೆ ಒಂದು ಚಮಚ. ಆಪರೇಸನ್ ಆದ್ಮೇಲೆ ಎರಡು. ಕಾಳು ಎಳೇವು, ಹಸ್ಕೊಂಡಿರ್ತವೆ ಅಂತ. ನೆನ್ನೆ ರಾತ್ರಿ ಹಾಕ್ಲಿಲ್ಲ, ಅದ್ಕೇ ಇಳೀತು.”

ಮೊದಲು ಸಿಡಿದವಳು ಸುಕನ್ಯ.

“ಅತ್ತೆ! ಹತ್ತು ದಿನ ನನ್ನ ಕೈಲಿ ಚಪಾತಿ ಲಟ್ಟಿಸಿದ್ರಲ್ಲ! ಇವ್ರು ದಿನಾ ನನ್ನ ಬೈದಾಗ ನೀವು ಅಲ್ಲೇ ನಿಂತ್ಕೊಂಡು ನೋಡ್ತಿದ್ರಲ್ಲ!”

“ಗೊತ್ತಿರ್ಲಿಲ್ಲ ಕಣವ್ವ. ನೆನ್ನೆ ರಾತ್ರಿ ಗೊತ್ತಾಯ್ತು. ನೆನ್ನೆಯಿಂದ ಇಲ್ಲೀಗಂಟ ಬಾಯಿ ಬಿಡ್ದೆ ಇದ್ದಿದ್ದು ಮಾತ್ರ ನನ್ ತಪ್ಪು. ನಿನ್ ಕೈ ಹಿಡ್ಕೊಂಡು ಕೇಳ್ತೀನಿ, ತಪ್ಪಾಯ್ತು.”

ಅತ್ತೆಯ ಬಾಯಿಂದ ಈ ಮಾತನ್ನು ಸುಕನ್ಯ ಮದುವೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಕೆಂಪರಾಜ್ ತಟ್ಟೆಯಿಂದ ತಲೆ ಎತ್ತಲಿಲ್ಲ.

ಹಂಸ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಯಾವಾಗಿಂದ?”

“ನೀನು ಹನ್ನೊಂದು ವರ್ಷದೋಳು ಇದ್ದಾಗಿಂದ.”

“ಇಪ್ಪತ್ತು ವರ್ಷ.” ಹಂಸಳ ದನಿ ಏರಲಿಲ್ಲ. “ನಾನು ಮಕ್ಕಳಿಗೆ ಲೆಕ್ಕ ಹೇಳ್ಕೊಡೋಳು ಅಜ್ಜಿ. ನನ್ನ ಊಟದ ಲೆಕ್ಕ ಮಾತ್ರ ಒಂದು ದಿನವೂ ತಾಳೆಯಾಗ್ಲಿಲ್ಲ. ಎಲ್ಲಿ ತಪ್ಪು ಮಾಡ್ತಿದ್ದೀನಿ ಅಂತ ಎಷ್ಟು ಅತ್ತಿದ್ದೀನಿ ಗೊತ್ತಾ? ನನಗೇ ಬುದ್ಧಿ ಇಲ್ಲ ಅಂದ್ಕೊಂಡಿದ್ದೆ.”

ಬೈದಿದ್ದರೆ ಅಕ್ಕಯಮ್ಮ ತಡೆದುಕೊಳ್ಳುತ್ತಿದ್ದಳು. ಇದು ಕರುಳಿಗೆ ಚುಚ್ಚಿತು. “ನಿನ್ ಬುದ್ಧಿ ನೆಟ್ಟಗೇ ಐತೆ ಕಣೇ. ನಂದೇ ಸೊಟ್ಟ. ನಾಳೆ ನಾನೂ ಆಸ್ಪತ್ರೆಗೆ ಬರ್ತೀನಿ. ಆ ಡಾಕ್ಟ್ರಮ್ಮ ನನ್ ಬಾಯಿಂದ್ಲೇ ಕೇಳ್ಲಿ.”

“ನೀನು ಬರೋದೇನೂ ಬೇಡ” ಎಂದು ಹಂಸ ಎದ್ದುಹೋದಳು. ಅಕ್ಕಯಮ್ಮ ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಡಬ್ಬಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಿದ್ದಳು.

ಡಾಕ್ಟರ್ ನೌರೀನ್ ನಗಲಿಲ್ಲ, ರೇಗಲೂ ಇಲ್ಲ. ಚಮಚ ಎಷ್ಟು ದೊಡ್ಡದು, ತಲೆ ತಟ್ಟಿಯೋ ತುಂಬಿಯೋ, ಯಾವ ಹೊತ್ತಿಗೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಕಂಪ್ಯೂಟರಿನಲ್ಲಿ ಹಂಸಳ ಸಕ್ಕರೆಯ ಗೆರೆ ತೆರೆದರು. ಏರಿಕೆಯೆಲ್ಲ ಊಟದ ಕೊನೆಯ ಹೊತ್ತಿಗೆ, ದಿನಾ ಎರಡು ಸಲ, ಅಳೆದಿಟ್ಟ ಹಾಗೆ ಇತ್ತು. ಮೊದಲ ಎರಡು ವಾರ ಸೂಜಿಯ ಇನ್ಸುಲಿನ್ ಅದನ್ನು ಮುಚ್ಚಿಟ್ಟಿತ್ತು.

“ಅಡ್ಮಿಷನ್ ಈಗ ಬೇಡ. ರಕ್ತ ಪರೀಕ್ಷೆಗೆ ಕಳಿಸ್ತೀನಿ. ಒಂದು ವಾರ ನೋಡೋಣ” ಎಂದರು. ಆಮೇಲೆ ಅಕ್ಕಯಮ್ಮನ ಕಡೆ ತಿರುಗಿದರು. “ಅಜ್ಜಿ, ಇನ್ನೆರಡು ವಾರ ಇದು ನಡೆದಿದ್ರೆ ಕಣಗಳು ಹೋಗ್ಬಿಡ್ತಿದ್ವು. ನೀವು ಮಾಡಿದ್ದು ಸಣ್ಣ ತಪ್ಪಲ್ಲ. ಆದ್ರೆ ನೀವಾಗೇ ಬಂದು ಹೇಳಿದ್ರಿ. ಎಷ್ಟೋ ಮನೆಯೋರು ಹೇಳಲ್ಲ. ನಾವು ಕತ್ತಲಲ್ಲಿ ಔಷಧಿ ಕೊಡ್ತಾ ಇರ್ತೀವಿ.”

“ಇನ್ನೊಂದು ಕಾಳಿಗೂ ತೊಂದ್ರೆ ಮಾಡಲ್ಲ ತಾಯಿ” ಎಂದು ಅಕ್ಕಯಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟು ಬಂದಳು.

ಶುಕ್ರವಾರ ರಿಪೋರ್ಟ್ ಬಂತು. ಕಣಗಳು ಬದುಕಿದ್ದವು, ಸ್ವಂತ ಇನ್ಸುಲಿನ್ ಕೊಡುತ್ತಿದ್ದವು. ಶನಿವಾರ ಕೆಂಪರಾಜ್ ತಾನೇ ಒಲೆ ಮುಂದೆ ನಿಂತು ಮುದ್ದೆ ತಿರುವಿದ. ಗಂಟುಗಂಟಾಗಿತ್ತು. ಸುಕನ್ಯ ಒಂದು ತುತ್ತು ನುಂಗಿ, “ಇದು ಕಲ್ಲಂಗಡಿ ಅಲ್ಲ ರೀ, ಜಲ್ಲಿ” ಎಂದಳು. ಶ್ರೀನಿವಾಸ ನಕ್ಕ. ಹಂಸಳೂ ನಕ್ಕಳು. ಅಜ್ಜಿಯೊಡನೆ ಮಾತ್ರ ಮಾತಾಡಲಿಲ್ಲ. ಒಂಬತ್ತು ದಿನ ಮಾತಾಡಲಿಲ್ಲ. ಅಕ್ಕಯಮ್ಮ ಗೇಟಿನ ಹತ್ತಿರ ಕೂರುವುದನ್ನೂ ಬಿಟ್ಟಳು.

ಹತ್ತನೆಯ ದಿನ ಹಂಸ ಒಂದು ನೋಟ್‌ಬುಕ್ ತಂದು ಅಜ್ಜಿಯ ಪಕ್ಕ ಕೂತಳು. ಹಳೆಯ ಊಟದ ಲೆಕ್ಕಗಳು. “ನಿನ್ನ ಒಂದೊಂದು ಚಮಚ ಸೇರಿಸಿ ಮತ್ತೆ ಮಾಡಿದೆ. ಎಲ್ಲಾ ತಾಳೆಯಾಯ್ತು” ಎಂದಳು. ಅಕ್ಕಯಮ್ಮ ಓದಲು ಬಾರದ ಆ ಪುಟದ ಮೇಲೆ ಕೈಯಾಡಿಸಿದಳು. ಇಬ್ಬರೂ ಅತ್ತರು.

ಹದಿನಾಲ್ಕು ಯೂನಿಟ್ ಎಂಟಾಯಿತು, ನಾಲ್ಕಾಯಿತು. ಮೂರನೇ ತಿಂಗಳ ಕೊನೆಯಲ್ಲಿ ಡಾಕ್ಟರ್ ನೌರೀನ್ ಇನ್ಸುಲಿನ್ ನಿಲ್ಲಿಸಿದರು. ಮಾತ್ರೆ ಬದುಕಿರುವವರೆಗೂ ಇದ್ದದ್ದೇ, ಮುಂದೊಂದು ದಿನ ಇನ್ನೊಮ್ಮೆ ಕಣ ಬೇಕಾದರೂ ಬೇಕಾಗಬಹುದು ಎಂದು ಎಚ್ಚರಿಸಿದರು. ಆದರೆ ಈಗ ಸಕ್ಕರೆ ಕುಸಿಯುವ ಭಯವಿಲ್ಲ. ಇನ್ನೊಂದು ತಿಂಗಳಾದ ಮೇಲೆ, ಮಾಸ್ಕ್ ಹಾಕಿಕೊಂಡು ಸ್ಕೂಲಿಗೆ ಹೋಗಬಹುದು ಎಂದರು. ಆ ತಿಂಗಳು ಕಳೆದದ್ದೇ ಹಂಸ ಒಬ್ಬಳೇ ಹೋದಳು, ಒಬ್ಬಳೇ ಬಂದಳು. ಶ್ರೀನಿವಾಸ ಬೈಕಿನಲ್ಲಿ ಸ್ವಲ್ಪ ದೂರ ಹಿಂದೆಯೇ ಹೋಗಿ ಸಿಕ್ಕಿಬಿದ್ದು ಬೈಸಿಕೊಂಡ.

ಆ ವಾರ ಅಕ್ಕಯಮ್ಮ ಬಡಗಿ ಸಲ್ಮಾನನನ್ನು ಕರೆಸಿದಳು. ಹಂಸಳ ಕೋಣೆಗೆ ಚಿಲಕವಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ, ಬೆಲ್ಲ ಉಜ್ಜಿದ ಆ ದಿನವೇ, ಅಕ್ಕಯಮ್ಮ ತಾನೇ ಅದನ್ನು ಕೀಳಿಸಿದ್ದಳು. ಒಳಗೆ ಬಿದ್ದರೆ ಬಾಗಿಲು ಒಡೆಯುವಷ್ಟು ಹೊತ್ತೂ ತಡವಾಗಬಾರದು ಎಂದು. ಹುಡುಗಿ ದೊಡ್ಡವಳಾದಳು, ಕಾಲೇಜಿಗೆ ಹೋದಳು, ಟೀಚರಾದಳು. ಬಟ್ಟೆ ಬದಲಿಸುವಾಗಲೂ ಬಾಗಿಲಿಗೆ ಕುರ್ಚಿ ಒರಗಿಸಿಕೊಳ್ಳುತ್ತಿದ್ದಳೇ ಹೊರತು ಚಿಲಕ ಬೇಕು ಎಂದು ಒಂದು ದಿನವೂ ಕೇಳಿರಲಿಲ್ಲ.

“ಒಳಗಡೆಗಾ, ಹೊರಗಡೆಗಾ ಅಜ್ಜಿ?” ಎಂದ ಸಲ್ಮಾನ್.

“ಒಳಗಡೆಗೆ ಕಣಪ್ಪ. ಗಟ್ಟಿ ಇರೋದು ಹಾಕು. ಹಿತ್ತಾಳೆದು.”

ಹಂಸ ಸ್ಕೂಲಿನಿಂದ ಬಂದು ಬಾಗಿಲು ನೋಡಿದಳು. ಅಜ್ಜಿಯನ್ನು ನೋಡಿದಳು. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಚಿಲಕ ಸರಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಅಕ್ಕಯಮ್ಮ ಅಲ್ಲೇ ನಿಂತಳು. ತಟ್ಟಲು ಕೈ ಎತ್ತಿದಳು, ಇಳಿಸಿದಳು. ಸೆರಗು ಸರಿಮಾಡಿಕೊಂಡು, ಎಷ್ಟೋ ದಿನದ ಮೇಲೆ ಗೇಟಿಗೆ ಹೋಗಿ ಕೂತಳು.

ಹೂವಿನವಳು ಬುಟ್ಟಿ ಇಳಿಸಿ ಕೇಳಿದಳು: “ಎಲ್ಲಜ್ಜಿ, ಮೊಮ್ಮಗಳು ಕಾಣ್ತಿಲ್ಲ?”

ಅಕ್ಕಯಮ್ಮ ಬೀದಿಯ ಆ ತುದಿಗೂ ಕೇಳುವ ಹಾಗೆ ಹೇಳಿದಳು: “ರೂಮಲ್ಲವ್ಳೆ ಕಣವ್ವ. ಚಿಲಕ ಹಾಕ್ಕೊಂಡವ್ಳೆ!”